ನಸೀಮಾಳ ಹೊಟ್ಟೆನೋವು, ನನ್ನ ಸರ್ಪಸುತ್ತು

ನನ್ನ ಎಡ ಪಕ್ಕೆಯಲ್ಲಿ ಬೆನ್ನಿನಿಂದ ಹೊಟ್ಟೆಯವರೆಗೆ ಅಂಗೈ ಅಗಲದ ಒಂದು ಪಟ್ಟಿಯಿದೆ. ನೋಡುವವರಿಗೆ ಅಲ್ಲಲ್ಲಿ ಮಾಸಿದ ಕಲೆ, ಅಷ್ಟೆ. ಆದರೆ ರವಿಕೆಯ ಅಂಚು ತಾಗಿದರೆ ಈಗಲೂ ಉರಿಯುತ್ತದೆ. ಸರ್ಪಸುತ್ತು ಎದ್ದು ಒಂದು ವರ್ಷ ದಾಟಿತು. ಗುಳ್ಳೆಗಳು ಮೂರು ವಾರದಲ್ಲಿ ಒಣಗಿದವು, ನರದ ನೋವು ಮಾತ್ರ ಉಳಿಯಿತು. ಇನ್ನೂ ಎಷ್ಟು ದಿನ ಇರುತ್ತದೆ ಎಂದು ಡಾಕ್ಟರಿಗೂ ಹೇಳಲಾಗುವುದಿಲ್ಲ. ಅದರ ಜೊತೆ ಬದುಕುವುದು ಈಗ ಸುಮಾರಾಗಿ ಅಭ್ಯಾಸವಾಗಿದೆ. ಇನ್ನೊಂದು ನೋವಿದೆ, ಅದು ಅಭ್ಯಾಸವಾಗಿಲ್ಲ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. 'ಇದೊಂದು ತಿಂಗಳು ಮುಗಿಯಲಿ, ಆಮೇಲೆ ನೋಡಿಕೊಂಡರಾಯಿತು' ಎಂದು ತಮ್ಮ ಮೈಗೆ ಹೇಳುತ್ತಿರುವವರು ನನ್ನ ಹಾಗೆ ಇನ್ನೂ ಇದ್ದಾರೆ ಎಂದು ನನಗೆ ಗೊತ್ತು.

ನಾನು ಗಿರಿಜಾ, ಮೂಡಿಗೆರೆಯವಳು. ನಮ್ಮನೆಯವರಿಗೆ ಬಸ್ ಸ್ಟ್ಯಾಂಡ್ ಹತ್ತಿರ ಪುಸ್ತಕ, ಪೆನ್ನು, ಜೆರಾಕ್ಸಿನ ಅಂಗಡಿ. ನಾನು ಕಳಸದ ಕಡೆ ಹೋಗುವ ರಸ್ತೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಸುತ್ತಲಿನ ಎಸ್ಟೇಟ್ ಕಾರ್ಮಿಕರ ಲೈನುಮನೆಗಳಿಂದ, ರಸ್ತೆ ಬದಿಯ ಅಂಗಡಿ ಗ್ಯಾರೇಜುಗಳಿಂದ ಬರುವ ಮಕ್ಕಳು. ಇಪ್ಪತ್ತೆರಡು ವರ್ಷದ ಸರ್ವಿಸ್ಸಿನಲ್ಲಿ ಒಳ್ಳೆಯ ಟೀಚರ್ ಎಂದೇ ಹೆಸರು. ಆ ಹೆಸರನ್ನು ನಾನು ಸ್ವಲ್ಪ ಹೆಚ್ಚೇ ನಂಬಿದ್ದೆ.

ಸರ್ಪಸುತ್ತು ಎದ್ದ ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಮಕ್ಕಳು ಬಹಳ ಜನ ಗಣಿತದಲ್ಲೇ ಫೇಲಾದರು. ಒಂದು ಮೀಟಿಂಗಿನಲ್ಲಿ ಇಲಾಖೆಯವರು ನನ್ನನ್ನು ಎಬ್ಬಿಸಿ ನಿಲ್ಲಿಸಿ, ಎಲ್ಲರ ಎದುರು ಕಾರಣ ಕೇಳಿದರು. ಮಕ್ಕಳನ್ನು ಬೆಂಚಿನಿಂದ ಎಬ್ಬಿಸಿ ಪ್ರಶ್ನೆ ಕೇಳಿಕೊಂಡು ಬಂದವಳು ನಾನು. ನಿಂತವರಿಗೆ ಗೊತ್ತಿದ್ದ ಉತ್ತರವೂ ಹೇಗೆ ಮರೆತುಹೋಗುತ್ತದೆ ಎಂದು ಅವತ್ತು ನನಗೆ ಗೊತ್ತಾಯಿತು. ಗೊತ್ತಾಗಿದ್ದರಿಂದ ನಾನು ಏನನ್ನೂ ಕಲಿಯಲಿಲ್ಲ. ಮನೆಗೆ ಬಂದು, ಈ ವರ್ಷ ಒಂದು ಮಗುವೂ ಫೇಲಾಗಬಾರದು ಎಂದು ಹಟ ಹಿಡಿದೆ.

ಜೂನಿನಿಂದಲೇ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ವಿಶೇಷ ತರಗತಿ. ವಾರಕ್ಕೊಂದು ಕಿರುಪರೀಕ್ಷೆ, ಅದರ ಅಂಕಗಳನ್ನು ಕಂಪ್ಯೂಟರಿಗೆ ಹಾಕುವುದು. ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿಗಳನ್ನೂ 'ಕೊಡಿ, ನಾನೇ ಮಾಡ್ತೀನಿ' ಎಂದು ತೆಗೆದುಕೊಂಡೆ. ಯಾರೂ ಬಲವಂತ ಮಾಡಿರಲಿಲ್ಲ. ಹೊಣೆ ಹೊತ್ತಷ್ಟೂ ನನ್ನ ಕಡೆ ಬೆರಳು ತೋರಿಸುವವರು ಕಡಿಮೆಯಾಗುತ್ತಾರೆ ಎಂಬ ಲೆಕ್ಕಾಚಾರ ನನ್ನದು.

ದಸರಾ ರಜೆಯ ಹೊತ್ತಿಗೆ ಮೈ ಹೇಳಲು ಶುರುಮಾಡಿತ್ತು. ಊಟ ಮಾಡಿದರೆ ಎದೆಯುರಿ. ನಸುಕಿನಲ್ಲೇ ಎಚ್ಚರ, ಎಚ್ಚರವಾದ ಕೂಡಲೇ ಯಾವುದೋ ಮಗುವಿನ ಅಂಕ ಕಣ್ಣೆದುರು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಬಸ್ಸಿನಲ್ಲಿ ಕೂತಿದ್ದಾಗ ದವಡೆ ನೋಯುತ್ತಿತ್ತು, ಹಲ್ಲು ಕಚ್ಚಿಕೊಂಡೇ ಇರುತ್ತೇನೆ ಎಂಬುದು ಗೊತ್ತಿರಲಿಲ್ಲ. ನಮ್ಮನೆಯವರು ಬೆಳಿಗ್ಗೆ ರೇಡಿಯೋ ಹಾಕುವುದನ್ನು ಯಾವಾಗ ನಿಲ್ಲಿಸಿದರೋ ನಾನು ಗಮನಿಸಲೇ ಇಲ್ಲ. ಒಂದು ದಿನ, "ಚಿಕ್ಕಮಗಳೂರಿಗೆ ಹೋಗಿ ಒಂದು ಸಲ ತೋರಿಸ್ಕೊಂಡು ಬರೋಣ ಮಾರಾಯ್ತಿ, ನಿನ್ನ ಮುಖ ನೋಡೋಕಾಗಲ್ಲ" ಅಂದರು.

"ಪರೀಕ್ಷೆ ಮುಗೀಲಿ ರೀ."

"ಅದು ಮುಗಿಯೋದು ಏಪ್ರಿಲ್‌ಗೆ."

"ಹಾಗಾದ್ರೆ ಏಪ್ರಿಲ್‌ಗೆ ಹೋಗೋಣ. ನನ್ನ ಬಿಟ್ಬಿಡಿ ಸ್ವಲ್ಪ."

ಅವರು ಬಿಟ್ಟುಬಿಟ್ಟರು. ಬಿಟ್ಟಿದ್ದಕ್ಕೆ ಆಮೇಲೆ ತಮ್ಮನ್ನೇ ಬೈದುಕೊಂಡರು. ಆದರೆ ತಪ್ಪು ಅವರದಲ್ಲ.

ಹತ್ತನೇ ತರಗತಿಯಲ್ಲಿ ನಸೀಮಾ ಎಂಬ ಹುಡುಗಿಯಿದ್ದಳು. ರಸ್ತೆ ಬದಿಯಲ್ಲಿ ಜೀಪು ರಿಪೇರಿ ಗ್ಯಾರೇಜಿಟ್ಟ ರಜಾಕ್‌ಭಾಯಿಯ ಮಗಳು. ಕನ್ನಡ, ಸಮಾಜದಲ್ಲಿ ಚೆನ್ನಾಗಿದ್ದಳು. ಅಕ್ಷರ ಮುದ್ದು ಮುದ್ದು. ಗಣಿತದಲ್ಲಿ ಮಾತ್ರ ಪಾಸಿನ ಅಂಚಿನಲ್ಲಿ ನಿಂತು, ಒಂದು ವಾರ ಈ ಕಡೆ, ಒಂದು ವಾರ ಆ ಕಡೆ. ಅಂಥ ಏಳೆಂಟು ಮಕ್ಕಳ ಪಟ್ಟಿ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು. ಆ ವರ್ಷ ನನಗೆ ಅವರು ಮಕ್ಕಳಾಗಿ ಕಾಣುತ್ತಿರಲಿಲ್ಲ, ಪಟ್ಟಿಯಲ್ಲಿದ್ದ ಹೆಸರುಗಳಾಗಿ ಕಾಣುತ್ತಿದ್ದರು.

ಡಿಸೆಂಬರಿನಿಂದ ನಸೀಮಾ ನನ್ನ ಪಿರಿಯಡ್ಡಿನಲ್ಲಿ ಕೈಯೆತ್ತಿ ಹೊರಗೆ ಹೋಗಲು ಶುರುಮಾಡಿದಳು. "ಟೀಚರ್, ಹೊಟ್ಟೆನೋವು." ಮೊದಮೊದಲು ಕಳಿಸಿದೆ. ವಾರಕ್ಕೆ ಮೂರು ಸಲ ಆದಾಗ ಸಿಟ್ಟು ಬಂತು. ಜನವರಿಯ ಒಂದು ಸೋಮವಾರ, ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತಿದ್ದಾಗ ಅವಳು ಮತ್ತೆ ಎದ್ದು ನಿಂತಳು. ನಾನು ತಿರುಗಿ ಕೇಳಿದೆ: "ಏನಮ್ಮ, ಗಣಿತದ ಪಿರಿಯಡ್ಡಿಗೆ ಮಾತ್ರ ನಿಂಗೆ ಹೊಟ್ಟೆನೋವು ಬರುತ್ತಾ?"

ಕ್ಲಾಸು ನಕ್ಕಿತು. ಅವಳು ಕೂರಲಿಲ್ಲ, ಹೊರಗೂ ಹೋಗಲಿಲ್ಲ, ನಿಂತೇ ಇದ್ದಳು. ನನಗೆ ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ.

"ನೋಡು, ನಿನ್ನೊಬ್ಬಳಿಂದ ನಮ್ಮ ಶಾಲೆ ರಿಸಲ್ಟ್ ಹಾಳಾದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಓದೋಕೆ ಇಷ್ಟ ಇಲ್ದಿದ್ರೆ ಮನೇಲಿರು."

ಈ ಮಾತನ್ನು ಇಲ್ಲಿ ಬರೆಯುವ ಮೊದಲು ಎರಡು ಸಲ ಪೆನ್ನು ಕೆಳಗಿಟ್ಟೆ. ಸ್ವಲ್ಪ ಮೆದು ಮಾಡಿ ಬರೆಯೋಣ ಅನ್ನಿಸಿತು. ಆದರೆ ನಾನು ಹೇಳಿದ್ದು ಹೀಗೇ. ಗಣಿತದ ಪಿರಿಯಡ್ಡಿಗೆ ಮಾತ್ರ ಬರುತ್ತಾ ಎಂದು ಅಣಕಿಸುವ ಬದಲು, ಹತ್ತಿರ ಕೂರಿಸಿಕೊಂಡು ನಿಜವಾಗಿ ಕೇಳಿದ್ದರೆ ಆ ಪ್ರಶ್ನೆಯಲ್ಲೇ ಉತ್ತರ ಇತ್ತು.

ಮಾರನೇ ದಿನ ಮಧ್ಯಾಹ್ನ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ನಾನು ಅಂಕ ಹಾಕುತ್ತಿದ್ದೆ. "ಈಗ ಬೇಡ, ಆಮೇಲೆ ಬಾ" ಅಂದೆ. ಅವಳು ಆಮೇಲೆ ಬರಲಿಲ್ಲ.

ಆ ವಾರವೇ ಪಕ್ಕೆಯಲ್ಲಿ ಉರಿ ಶುರುವಾಯಿತು. ಉತ್ತರಪತ್ರಿಕೆಯ ಕಟ್ಟು ಹೊತ್ತು ಉಳುಕಿದೆ ಎಂದುಕೊಂಡು ಮುಲಾಮು ತಿಕ್ಕಿದೆ. ಎರಡು ದಿನಕ್ಕೆ ಕೆಂಪು ಗುಳ್ಳೆಗಳು ಎದ್ದವು. ಕನ್ನಡ ಹೇಳಿಕೊಡುವ ಸುಶೀಲಾ ನನಗೆ ಹದಿನೈದು ವರ್ಷದ ಸ್ನೇಹಿತೆ. ಶಾಲೆಯ ಅಡುಗೆ ಕೋಣೆಯ ಹಿಂದೆ ಕರೆದುಕೊಂಡು ಹೋಗಿ ಸೆರಗು ಸರಿಸಿ ನೋಡಿದಳು.

"ಅಯ್ಯೋ ಗಿರಿಜಾ, ಇದು ಸರ್ಪಸುತ್ತು ಕಣೆ. ಇವತ್ತೇ ಆಸ್ಪತ್ರೆಗೆ ಹೋಗು."

"ಅರ್ಧ ದಿನ ಹೋಗುತ್ತೆ. ನಾಳೆ ಟೆಸ್ಟ್ ಇದೆ."

"ನಿನ್ನ ಟೆಸ್ಟಿಗೆ ಬೆಂಕಿ ಬೀಳ." ಅವಳು ಯಾವತ್ತೂ ಹಾಗೆ ಮಾತಾಡುವವಳಲ್ಲ.

ಶಾಲೆಯಿಂದ ಸ್ವಲ್ಪ ದೂರದಲ್ಲಿ ತಿಮ್ಮಯ್ಯ ಎಂಬ ಮುದುಕರಿದ್ದರು. ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿ, ಆಳುಗಳ ಕೆಲಸ ನೋಡಿಕೊಂಡಿದ್ದು ನಿವೃತ್ತರಾದವರು. ಸರ್ಪಸುತ್ತಿಗೆ ಕೆಂಪು ಕಾವಿ ತೇಯ್ದು ಹಚ್ಚುತ್ತಾರೆ, ದುಡ್ಡು ಮುಟ್ಟುವುದಿಲ್ಲ. ಸಂಜೆ ತರಗತಿ ಮುಗಿಸಿ ಅಲ್ಲಿಗೆ ಹೋದೆ. ನಂಬಿಕೆಯಿಂದ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು, ರಜೆ ಹಾಕಬೇಕಿರಲಿಲ್ಲ. ತಿಮ್ಮಯ್ಯನವರ ಹೆಂಡತಿ ಒಳಗೆ ಕೂರಿಸಿ ತಣ್ಣನೆಯ ಕಾವಿ ಹಚ್ಚಿದರು. ಹಾಯೆನಿಸಿತು. ಹೊರಡುವಾಗ ತಿಮ್ಮಯ್ಯನವರು ಜಗಲಿಯಿಂದ ಹೇಳಿದರು: "ತಂಪಾಗ್ಲಿ ಅಂತ ಹಚ್ಚಿದ್ದೀವಿ ಟೀಚರಮ್ಮ. ನೀವು ಡಾಕ್ಟ್ರಿಗೂ ತೋರಿಸ್ಬೇಕು. ನಮ್ಮ ಸೊಸೆಗೂ ನಾನು ಆಸ್ಪತ್ರೆಯಲ್ಲೇ ಮಾತ್ರೆ ಕೊಡ್ಸಿದ್ದು."

ಓದದ ಮನುಷ್ಯ ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ಬಿ.ಎಡ್. ಮಾಡಿದ ನಾನು 'ತಂಪಾಗ್ಲಿ' ಎಂಬಲ್ಲಿಗೇ ಕೇಳಿಸಿಕೊಂಡು ಬಸ್ಸು ಹತ್ತಿದೆ.

ಸರ್ಪಸುತ್ತಿನ ಹೆಡೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದಳು. ನಗುವ ಮಾತು ಅದು. ಆದರೂ ಪ್ರತಿದಿನ ಬೆಳಿಗ್ಗೆ ಕನ್ನಡಿಯ ಎದುರು ನಿಂತು, ಗುಳ್ಳೆಗಳು ಹೊಟ್ಟೆಯ ಮಧ್ಯದ ಗೆರೆ ದಾಟಿದವೇ ಎಂದು ಅಳೆಯುತ್ತಿದ್ದೆ. ನಮ್ಮನೆಯವರಿಗೆ ತೋರಿಸಲಿಲ್ಲ. ಆರನೇ ದಿನ ಸ್ನಾನ ಮಾಡಿ ಬಟ್ಟೆ ಉಡಲಾಗದೆ, ಟವೆಲ್ ಹಿಡಿದುಕೊಂಡು ಬಾಗಿಲ ಹಿಂದೆ ಕೂತು ಅಳುತ್ತಿದ್ದೆ. ಅವರು ಅಂಗಡಿಯ ಬೀಗದ ಕೈ ಮೇಜಿನ ಮೇಲೆ ಇಟ್ಟು, ಏನೂ ಬೈಯದೆ, ತಮ್ಮದೊಂದು ಹಳೆಯ ಕಾಟನ್ ಅಂಗಿಯ ಎಡ ಪಕ್ಕವನ್ನು ಕತ್ತರಿಯಿಂದ ಕತ್ತರಿಸಿ ನನಗೆ ತೊಡಿಸಿದರು. ಚಿಕ್ಕಮಗಳೂರಿನ ಚರ್ಮದ ಡಾಕ್ಟರ ಹತ್ತಿರ ಕಾರಿನಲ್ಲಿ ಕರೆದುಕೊಂಡು ಹೊರಟರು. ಹಂಪ್ ಬಂದಲ್ಲೆಲ್ಲ ನಿಲ್ಲಿಸಿದಷ್ಟು ನಿಧಾನವಾಗಿ ಓಡಿಸಿದರು.

ಡಾಕ್ಟರ ರೂಮಿನ ಹೊರಗೆ ಬಹಳ ಜನ. ನಮ್ಮ ಟೋಕನ್ನಿಗೆ ಇನ್ನೂ ಎರಡು ಗಂಟೆ ಕಾಯಬೇಕಿತ್ತು. ಮೇಲೆ ಫ್ಯಾನು ತಿರುಗುತ್ತಿತ್ತು. ಆ ಗಾಳಿಗೆ ಅಂಗಿ ಅಲುಗಿ ಮೈಗೆ ಬಡಿದಾಗಲೆಲ್ಲ ಉಸಿರು ನಿಂತಂತಾಗುತ್ತಿತ್ತು. ಎದುರಿಗೆ ಕೂತಿದ್ದ ಒಬ್ಬ ಹೆಂಗಸು, ಕೈಬೆರಳುಗಳಿಗೆಲ್ಲ ಕಜ್ಜಿಯಂತೆ ಎದ್ದಿತ್ತು ಅವರಿಗೆ, ನನ್ನನ್ನೇ ನೋಡುತ್ತಿದ್ದವರು ಎದ್ದು ಹೋಗಿ ಫ್ಯಾನ್ ಆರಿಸಿದರು. ಯಾರೋ "ಸೆಕೆಯಾಗುತ್ತೆ" ಎಂದು ಗೊಣಗಿದರು.

"ಸೆಕೆ ಆದ್ರೆ ಹೊರಗೆ ನಿಂತ್ಕೊಳ್ಳಿ. ಆ ಅಕ್ಕಂಗೆ ಗಾಳಿ ಆಗಲ್ಲ, ಕಾಣಲ್ವಾ?"

ಅವರ ಹೆಸರು ಕೇಳಲಿಲ್ಲ. ನಾನು ಏನನ್ನೂ ಹೇಳಿರಲಿಲ್ಲ. ಸುಮ್ಮನೆ ನೋಡಿ ಅವರಿಗೆ ಗೊತ್ತಾಗಿತ್ತು. ನಲವತ್ತು ಮಕ್ಕಳನ್ನು ದಿನಾ ನೋಡುವ ನನಗೆ ಹಾಗೆ ಗೊತ್ತಾಗಿದ್ದು ಯಾವಾಗ ಎಂದು ಯೋಚಿಸುವಷ್ಟು ಪುರುಸೊತ್ತು ಆ ಬೆಂಚಿನ ಮೇಲೆ ಸಿಕ್ಕಿತು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನವರು. ಗುಳ್ಳೆ ನೋಡಿದರು, ರಕ್ತದೊತ್ತಡ ನೋಡಿದರು, ಇನ್ನೊಮ್ಮೆ ನೋಡಿದರು. "ಮೂರು ದಿನದೊಳಗೆ ಬಂದಿದ್ರೆ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿತ್ತು" ಎಂದು ಮೆಲ್ಲಗೆ ಹೇಳಿ, "ನಿದ್ದೆ ಹೇಗಿದೆ ನಿಮ್ದು?" ಎಂದು ಕೇಳಿದರು.

"ಬೆಳಿಗ್ಗೆ ಎಂಟೂವರೆಗೆ ವಿಶೇಷ ತರಗತಿ ಇರುತ್ತೆ ಡಾಕ್ಟ್ರೆ, ಹಾಗಾಗಿ ಬೇಗ…"

"ಊಟ?"

"ಮಧ್ಯಾಹ್ನ ಅಂಕ ಹಾಕೋದಿರುತ್ತೆ…"

ಅವರು ಪೆನ್ನು ಕೆಳಗಿಟ್ಟರು. "ನಾನು ನಿಮ್ಮ ಬಗ್ಗೆ ಕೇಳ್ತಿದೀನಿ. ನೀವು ಶಾಲೆ ಬಗ್ಗೆ ಹೇಳ್ತಿದೀರಿ."

ಪಕ್ಕದಲ್ಲಿ ಕೂತಿದ್ದ ನಮ್ಮನೆಯವರು ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸಿನ, ವೈರಸ್ಸೇ ಮೈಯಲ್ಲಿ ಮಲಗಿದ್ದು, ಮೈ ಸೋತಾಗ ಏಳುತ್ತದಂತೆ. "ಟೆನ್ಷನ್ ಒಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಇಷ್ಟು ದಿನ ಮೈ ಏನೇನು ಹೇಳ್ತು, ನೀವು ಏನೇನು ಕೇಳಿಸ್ಕೊಂಡ್ರಿ, ಮನೇಲಿ ಕೂತು ಬರೀರಿ" ಎಂದರು ಡಾಕ್ಟರು. ಒಂದು ತಿಂಗಳು ರಜೆ ಬರೆದುಕೊಟ್ಟರು. ಹತ್ತನೇ ತರಗತಿಗೆ ಪೂರ್ವಸಿದ್ಧತಾ ಪರೀಕ್ಷೆ ಇರುವ ತಿಂಗಳು ಅದು. ನಾನಿಲ್ಲದೆ ಶಾಲೆ ನಡೆಯುವುದಿಲ್ಲ ಎಂದುಕೊಂಡಿದ್ದೆ. ನಡೆಯಿತು.

ಆ ತಿಂಗಳ ನೋವನ್ನು ವರ್ಣಿಸುವುದಿಲ್ಲ. ಬಂದವರಿಗೆ ಗೊತ್ತು, ಬರದವರಿಗೆ ಹೇಳಿ ಹೆದರಿಸುವುದು ಬೇಡ. ನಮ್ಮನೆಯವರು ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಬಂದು ಗಂಜಿ ಮಾಡಿಕೊಡುತ್ತಿದ್ದರು. ಹೊದಿಕೆ ಮೈಗೆ ತಾಗದ ಹಾಗೆ ಅಂಗಡಿಯ ರಟ್ಟಿನ ಪೆಟ್ಟಿಗೆಯೊಂದನ್ನು ಕಮಾನಿನಂತೆ ಕತ್ತರಿಸಿ ಪಕ್ಕೆಯ ಮೇಲೆ ಇಟ್ಟಿದ್ದರು. ಅದರ ಮೇಲೆ ನೋಟ್‌ಬುಕ್ ಕಂಪನಿಯ ಹೆಸರು ದೊಡ್ಡದಾಗಿ ಅಚ್ಚಾಗಿತ್ತು. ಇಬ್ಬರೂ ಒಂದು ದಿನ ಅದನ್ನು ನೋಡಿ ನಕ್ಕೆವು. ಆರು ತಿಂಗಳಿಂದ ನಾವಿಬ್ಬರೂ ಜೊತೆಗೆ ನಕ್ಕಿರಲಿಲ್ಲ ಎಂದು ಆಗ ಲೆಕ್ಕ ಸಿಕ್ಕಿತು.

ಫೆಬ್ರವರಿ ಕೊನೆಗೆ ಸುಶೀಲಾ ನೋಡಲು ಬಂದಳು. ಹೂಮಳೆ ಬಿದ್ದು ತೋಟಗಳಲ್ಲಿ ಕಾಫಿ ಹೂ ಅರಳಿತ್ತು, ಅವಳ ಸೀರೆಗೂ ಆ ಪರಿಮಳ ಹತ್ತಿತ್ತು. ಮಕ್ಕಳು ಹೇಗೆ ಬರೆದರು ಎಂದು ಕೇಳಿದೆ. ಎಲ್ಲರದ್ದೂ ಹೇಳಿದಳು.

"ನಸೀಮಾ?"

ಅವಳು ಕಾಫಿ ಲೋಟ ಕೆಳಗಿಟ್ಟಳು. "ಬಂದಿಲ್ಲ. ನೀನು ರಜೆ ಹಾಕೋ ಮೊದಲೇ ಬರೋದು ನಿಲ್ಸಿದ್ಲು. ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನಾನೇ ನಾಲ್ಕು ದಿನ ಅವಳ ಹೆಸರಿನ ಮುಂದೆ ಗೈರು ಎಂದು ಹಾಕಿದ್ದೆ. ಹಾಕಿದ ಕೈ ನನ್ನದು, ನೋಡಿದ ಕಣ್ಣು ನನ್ನದಲ್ಲ.

"ಅವತ್ತು ನೀನು ಕ್ಲಾಸಲ್ಲಿ ಹಾಗಂದೆಯಂತೆ…" ಎಂದಳು ಸುಶೀಲಾ.  

ಮಾರ್ಚಿನ ಪರೀಕ್ಷೆಗೆ ನಸೀಮಾಳನ್ನು ಕೂರಿಸಲು ಸುಶೀಲಾ, ಎಚ್‌ಎಂ ಸರ್ ಇಬ್ಬರೂ ಹೋಗಿ ಬಂದರು. ಬೇರೆ ಎಲ್ಲ ವಿಷಯಕ್ಕೆ ಬಂದು ಬರೆದಳು. ಗಣಿತದ ದಿನ ಪರೀಕ್ಷಾ ಕೇಂದ್ರದ ಗೇಟಿನವರೆಗೆ ಬಂದು ವಾಂತಿ ಮಾಡಿಕೊಂಡು ವಾಪಸು ಹೋದಳು. ಆ ಸುದ್ದಿ ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಆ ಭಾನುವಾರ ನಮ್ಮನೆಯವರು ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು.

ರಜಾಕ್‌ಭಾಯಿ ಜೀಪಿನ ಕೆಳಗಿನಿಂದ ಎದ್ದು ಬಂದರು. ಕೈ ಒರೆಸಿಕೊಂಡು ಕುರ್ಚಿ ಹಾಕಿದರು. ನಾನು ಜಗಳ ನಿರೀಕ್ಷಿಸಿದ್ದೆ. ಅವರು, "ಟೀಚರ್, ನಿಮ್ಗೆ ಹುಷಾರಿಲ್ಲ ಅಂತ ಕೇಳಿದ್ವಿ. ಈಗ ಹೇಗಿದೀರಿ?" ಅಂದರು. ಅದಕ್ಕಿಂತ ಜಗಳವೇ ಮೇಲಿತ್ತು.

"ನಸೀಮಾಗೆ ಏನಾಗಿದೆ ಭಾಯಿ?"

"ಅದೇ ಗೊತ್ತಾಗ್ಲಿಲ್ಲ. ಚಿಕ್ಕಮಗಳೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸ್ದೆ. ರಕ್ತ ಪರೀಕ್ಷೆ ಮಾಡಿಸ್ದೆ. ಎಲ್ಲ ನಾರ್ಮಲ್ ಅಂತಾರೆ. ಆದ್ರೆ ಬೆಳಿಗ್ಗೆ ಯೂನಿಫಾರ್ಮ್ ಹಾಕಿದ ಕೂಡ್ಲೇ ಹೊಟ್ಟೆ ಹಿಡ್ಕೊಂಡು ಕೂತ್ಬಿಡ್ತಿದ್ಲು. ನಾಟಕ ಮಾಡ್ತಾಳೆ ಅಂತ ನಾನೂ ಒಂದು ಏಟು ಹಾಕ್ಬಿಟ್ಟೆ ಟೀಚರ್."

ಅವರ ಕಣ್ಣು ತುಂಬಿತು. ನಾನು ಮಾಡಿದ್ದನ್ನೇ ಅವರೂ ಮಾಡಿದ್ದರು. ವ್ಯತ್ಯಾಸವೆಂದರೆ ಅವರು ಅವಳನ್ನು ಡಾಕ್ಟರ ಹತ್ತಿರವಾದರೂ ಕರೆದುಕೊಂಡು ಹೋಗಿದ್ದರು. ನನ್ನ ಎದೆಯುರಿ, ನಿದ್ದೆಗೇಡು, ಉದುರಿದ ಕೂದಲು ಯಾವ ಹೆದರಿಕೆಯಿಂದ ಬಂದವೋ ಅದೇ ಹೆದರಿಕೆಯನ್ನು ನಾನು ದಿನಾ ಬೆಳಿಗ್ಗೆ ಹೊತ್ತುಕೊಂಡು ಹೋಗಿ ಆ ಮಗುವಿಗೆ ದಾಟಿಸುತ್ತಿದ್ದೆ. ಒಂದೇ ಕಾಯಿಲೆ ಇಬ್ಬರಿಗೂ. ನನ್ನದಕ್ಕೆ ಗುಳ್ಳೆ ಎದ್ದಿದ್ದರಿಂದ ಎಲ್ಲರೂ ನಂಬಿದರು.

ನಸೀಮಾ ಒಳಗಿನಿಂದ ಟೀ ತಂದಳು. ತೆಳ್ಳಗಾಗಿದ್ದಳು. ನಾನು ಬರುವ ದಾರಿಯಲ್ಲಿ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ತಪ್ಪು ಮಾಡಿದೆ ಕಣಮ್ಮ. ಎಲ್ಲರೆದುರು ಹಾಗೆ ಹೇಳಬಾರದಿತ್ತು. ನಿಂಗೆ ನಿಜವಾಗ್ಲೂ ನೋವಿತ್ತು, ನಾನು ನಂಬಲಿಲ್ಲ."

ಅವಳು ತಟ್ಟೆ ಎದೆಗೆ ಒತ್ತಿಕೊಂಡು ನಿಂತಿದ್ದಳು. "ಪರವಾಗಿಲ್ಲ ಟೀಚರ್."

"ಮಾರನೇ ದಿನ ಸ್ಟಾಫ್ ರೂಮಿಗೆ ಬಂದಿದ್ದೆಯಲ್ಲ, ಏನು ಹೇಳ್ಬೇಕು ಅಂತ ಬಂದಿದ್ದೆ?"

"ಮರ್ತೋಯ್ತು ಟೀಚರ್" ಅಂದಳು. ಮರೆತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬೇಸಿಗೆಯಲ್ಲಿ ಎರಡನೇ ಪರೀಕ್ಷೆ ಇರುತ್ತದೆ, ಗಣಿತ ಒಂದೇ ಬರೆದರೆ ಸಾಕು ಎಂದೆ. ನನಗೆ ರಜೆಯಿದೆ, ಇಲ್ಲಿಗೇ ಬಂದು ಹೇಳಿಕೊಡುತ್ತೇನೆ, ದಿನಕ್ಕೆ ಎರಡೇ ಲೆಕ್ಕ ಮಾಡೋಣ ಎಂದೆ. ನಾನು ಆಗಲೇ ಮನಸ್ಸಿನಲ್ಲಿ ವೇಳಾಪಟ್ಟಿ ಹಾಕಿಬಿಟ್ಟಿದ್ದೆ. ತಪ್ಪು ತಿದ್ದಿಕೊಳ್ಳುವುದಕ್ಕೂ ನನಗೆ ಅವಸರ.

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ನೆಲ ನೋಡಿಕೊಂಡು ಬಹಳ ಮೆಲ್ಲಗೆ ಹೇಳಿದಳು: "ಪರೀಕ್ಷೆ ಬರೀತೀನಿ ಟೀಚರ್. ಆದ್ರೆ ನೀವು ಬೇಡ. ನಿಮ್ಮ ದನಿ ಕೇಳಿದ್ರೆ ಈಗ್ಲೂ ಹೊಟ್ಟೆಯೊಳಗೆ ಒಂಥರಾ ಆಗುತ್ತೆ."

"ಏಯ್!" ಎಂದರು ರಜಾಕ್‌ಭಾಯಿ.

"ಬೈಬೇಡಿ ಭಾಯಿ. ಅವಳು ಸರಿಯಾಗೇ ಹೇಳ್ತಿದಾಳೆ."

ಕಾರಿಗೆ ಬಂದು ಕೂತ ಮೇಲೆ ನಮ್ಮನೆಯವರು, "ನೀನು ಹೋಗಿ ಕೇಳಿದ್ಯಲ್ಲ, ಅದೇ ದೊಡ್ಡದು" ಅಂದರು. ಅದು ದೊಡ್ಡದಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದ ಮಾತು ಹಿಂದಕ್ಕೆ ಬರುವುದಿಲ್ಲ. ಕ್ಷಮೆ ಕೇಳಿದರೆ ಕೇಳಿದವರಿಗೆ ಹಗುರವಾಗುತ್ತದೆ, ಅಷ್ಟೆ.

ಸುಶೀಲಾಳ ಬೀದಿಯಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರು ನಸೀಮಾಗೆ ಪಾಠ ಹೇಳಲು ಒಪ್ಪಿದರು. ಮೆತ್ತಗಿನ ಮನುಷ್ಯ. ನಾನು ಅವರಿಗೆ ಒಂದೇ ಮಾತು ಹೇಳಿಕಳಿಸಿದೆ: ಅವಳು ಎದ್ದು ಹೊರಗೆ ಹೋದರೆ ಹೋಗಲು ಬಿಡಿ, ಯಾಕೆಂದು ಕೇಳಬೇಡಿ.

ನಾನೂ ಪಾಠಕ್ಕೆ ಹೋಗಬೇಕಾಯಿತು. ಡಾಕ್ಟರು ಚಿಕ್ಕಮಗಳೂರಿನಲ್ಲೇ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದ್ದರು. ಊರಿನವರು ಯಾರಾದರೂ ನೋಡಿದರೆ ಏನಂದುಕೊಳ್ಳುತ್ತಾರೋ ಎಂದು ಮೊದಲ ಸಲ ತಲೆಗೆ ಸೆರಗು ಹೊದ್ದು ಹೋಗಿದ್ದೆ. ಆಕೆ ದೊಡ್ಡ ಉಪದೇಶ ಮಾಡಲಿಲ್ಲ. ದಿನದಲ್ಲಿ ಎಷ್ಟು ಸಲ ಹಲ್ಲು ಕಚ್ಚಿರುತ್ತೀರಿ, ಗಮನಿಸಿ ಬನ್ನಿ ಎಂದರು. ಗಮನಿಸಿದೆ. ಕ್ಲಾಸಿಗೆ ಹೋಗುವ ಮೊದಲು ಪ್ರತಿ ಸಲ. ಈಗ ತರಗತಿಯ ಬಾಗಿಲ ಹೊರಗೆ ಒಂದು ನಿಮಿಷ ನಿಲ್ಲುತ್ತೇನೆ, ದವಡೆ ಸಡಿಲ ಬಿಟ್ಟು ಒಳಗೆ ಹೋಗುತ್ತೇನೆ. ಬಿಸಿಯೂಟದ ಲೆಕ್ಕವನ್ನೂ ಅರ್ಜಿಗಳನ್ನೂ ಬಿಟ್ಟುಕೊಟ್ಟೆ. "ಆಗಲ್ಲ ಸರ್" ಎಂದು ಮೊದಲ ಸಲ ಹೇಳಿದಾಗ ಎಚ್‌ಎಂ ಸರ್ "ಸರಿ ಮೇಡಂ" ಅಂದರು, ಮುಗಿಯಿತು. ಆ ಒಂದು ಮಾತಿಗೆ ನಾನು ಎಷ್ಟು ವರ್ಷ ಹೆದರಿದ್ದೆ! ರಕ್ತದೊತ್ತಡದ ಮಾತ್ರೆ, ನರದ ಮಾತ್ರೆ ನುಂಗುತ್ತೇನೆ. ಸಂಜೆ ನಮ್ಮನೆಯವರ ಜೊತೆ ಅರ್ಧ ಗಂಟೆ ನಡೆಯುತ್ತೇನೆ. ಕೆಲವು ದಿನ ಹಳೆಯ ಗಿರಿಜಾ ವಾಪಸು ಬರುತ್ತಾಳೆ, ಯಾರದೋ ಮೇಲೆ ದನಿ ಏರುತ್ತದೆ. ಪಕ್ಕೆ ಉರಿದು ಎಚ್ಚರಿಸುತ್ತದೆ. ಹೊಟ್ಟೆನೋವು ಎಂದು ಬಂದ ಮಗುವನ್ನು ಈಗ ಹತ್ತಿರ ಕೂರಿಸಿಕೊಳ್ಳುತ್ತೇನೆ, ಯಾವಾಗಿನಿಂದ ಎಂದು ಕೇಳುತ್ತೇನೆ. ನಸೀಮಾಗೆ ಸಿಗಬೇಕಾಗಿದ್ದ ಟೀಚರ್ ಈಗಿನ ಮಕ್ಕಳಿಗೆ ಸಿಗುತ್ತಿದ್ದಾಳೆ. ಅದನ್ನು ನೆನೆದರೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚು.

ಎರಡನೇ ಪರೀಕ್ಷೆಯ ಫಲಿತಾಂಶ ಬಂದ ದಿನ ನಾನು ಶಾಲೆಯ ಕಂಪ್ಯೂಟರಿನ ಎದುರೇ ಇದ್ದೆ. ಅವಳ ನಂಬರನ್ನು ನಾನೇ ಹಾಕಿದೆ. ಪಾಸು. ಅಂಚಿನಲ್ಲೇ, ಆದರೆ ಪಾಸು. ಫೋನ್ ಕೈಗೆತ್ತಿಕೊಂಡೆ. ರಜಾಕ್‌ಭಾಯಿಯ ಹೆಸರು ಹುಡುಕಿ, ಬೆರಳು ಅದರ ಮೇಲಿಟ್ಟು, ಹಾಗೇ ಸ್ವಲ್ಪ ಹೊತ್ತು ಕೂತೆ. ಆಮೇಲೆ ನನ್ನ ಫೋನನ್ನು ಕೆಳಗಿಟ್ಟು ಪಕ್ಕದಲ್ಲಿದ್ದ ಸುಶೀಲಾಳ ಕಡೆ ತಿರುಗಿದೆ.

"ನಿನ್ನ ಫೋನಿಂದ ನೀನೇ ಹೇಳೆ. ನಾನು ಪಕ್ಕದಲ್ಲಿದೀನಿ ಅಂತ ಹೇಳ್ಬೇಡ."

ಸುಶೀಲಾ ಸ್ಪೀಕರ್ ಹಾಕಿ ಹೇಳಿದಳು. ಆ ಕಡೆ ರಜಾಕ್‌ಭಾಯಿ ಮಗಳನ್ನು ಕೂಗಿ ಕರೆದು ಸುದ್ದಿ ಹೇಳಿದರು. ಆಮೇಲೆ ನಸೀಮಾ ನಕ್ಕಳು. ಜೋರಾಗಿ, ತಡೆ ತಡೆದು, ನಡುವೆ ಒಂದು ಸಲ ಗೊರಕೆ ಹೊಡೆದ ಹಾಗೆ ಸದ್ದು ಮಾಡಿ, ಅದಕ್ಕೂ ತಾನೇ ನಕ್ಕಳು. ಆ ಹುಡುಗಿ ಮೂರು ವರ್ಷ ನನ್ನ ಕ್ಲಾಸಿನಲ್ಲಿ ಕೂತಿದ್ದಳು. ಅವಳ ನಗು ಹೇಗಿರುತ್ತದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು.